ಅಂಕಿ-ಅಂಶಗಳ ಮುಂದೆ ಎರಡು ದಿನ



ಸಂಖ್ಯಾಶಾಸ್ತ್ರದ ಪಠ್ಯಪುಸ್ತಕದಲ್ಲಿ ನೀವು ಬಿಡಿಸಿರುವ ಲೆಕ್ಕಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಹತ್ತು ವಿದ್ಯಾರ್ಥಿಗಳ ಅಂಕಗಳನ್ನು ಕೊಟ್ಟಿರುತ್ತಾರೆ. ಸರಾಸರಿ ಎಷ್ಟು, ಮಾನಕ ವಿಚಲನೆ ಎಷ್ಟು ಎಂದು ಕೇಳಿರುತ್ತಾರೆ. ಆ ಅಂಕಗಳಲ್ಲಿ ಒಂದೂ ತಪ್ಪಿರುವುದಿಲ್ಲ, ಒಂದೂ ಕಾಣೆಯಾಗಿರುವುದಿಲ್ಲ. ಉತ್ತರವಂತೂ ಪುಸ್ತಕದ ಕೊನೆಯಲ್ಲಿ ಇದ್ದೇ ಇರುತ್ತದೆ. ಈಗ ಇದಕ್ಕೆ ತದ್ವಿರುದ್ಧವಾದ ಸನ್ನಿವೇಶವೊಂದನ್ನು ಊಹಿಸಿಕೊಳ್ಳಿ. ಶುಕ್ರವಾರ ಸಂಜೆ ನಿಮ್ಮ ಕೈಗೆ ಲಕ್ಷಗಟ್ಟಲೆ ಸಾಲುಗಳ ಒಂದು ಕಡತವನ್ನು ಕೊಡುತ್ತಾರೆ. ಪ್ರಶ್ನೆಯನ್ನು ಮಾತ್ರ ಕೊಡುವುದಿಲ್ಲ! "ಇದರಿಂದ ನಮಗೆ ಉಪಯೋಗವಾಗುವ ಒಂದು ಸಂಗತಿಯನ್ನು ಭಾನುವಾರ ಬಂದು ಹೇಳಿ" ಎನ್ನುತ್ತಾರೆ, ಅಷ್ಟೆ.

ಇಂಥದೊಂದು ಸ್ಪರ್ಧೆ 2011ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಆರಂಭವಾಯಿತು. ಇದರ ಹೆಸರು 'ಡೇಟಾಫೆಸ್ಟ್'. ನಮ್ಮ ಮಾತಿನಲ್ಲಿ ದತ್ತಾಂಶಗಳ ಹಬ್ಬ. ಅಲ್ಲಿನ ಸಂಖ್ಯಾಶಾಸ್ತ್ರ ಪ್ರಾಧ್ಯಾಪಕ ರಾಬರ್ಟ್ ಗೂಲ್ಡ್ ಇದನ್ನು ಹುಟ್ಟುಹಾಕಿದವರು. ಮೊದಲ ವರ್ಷ ಸುಮಾರು 30 ವಿದ್ಯಾರ್ಥಿಗಳು 48 ಗಂಟೆಗಳ ಕಾಲ ಕುಳಿತು, ಆ ನಗರದ ಪೊಲೀಸ್ ಇಲಾಖೆ ಒದಗಿಸಿದ ಐದು ವರ್ಷಗಳ ದಸ್ತಗಿರಿ ದಾಖಲೆಗಳನ್ನು ಪರಿಶೀಲಿಸಿದರು. ಮುಂದೆ 1839ರಷ್ಟು ಹಿಂದೆಯೇ ಸ್ಥಾಪನೆಯಾದ ಅಮೆರಿಕದ ಸಂಖ್ಯಾಶಾಸ್ತ್ರ ಸಂಘ ಇದರ ಹೊಣೆ ಹೊತ್ತುಕೊಂಡಿತು. ಈಗ ಅಮೆರಿಕದ ಅನೇಕ ವಿಶ್ವವಿದ್ಯಾನಿಲಯಗಳಲ್ಲದೆ ಬೇರೆ ದೇಶಗಳ ಕೆಲವು ವಿಶ್ವವಿದ್ಯಾನಿಲಯಗಳೂ ಇದನ್ನು ನಡೆಸುತ್ತವೆ. ಕಡತ ಪ್ರತಿ ವರ್ಷವೂ ಬದಲಾಗುತ್ತದೆ. 2012ರಲ್ಲಿ ಬಡವರಿಗೆ ಕಿರುಸಾಲ ಒದಗಿಸುವ 'ಕಿವಾ' ಸಂಸ್ಥೆಯ ಸಾಲದ ವಿವರಗಳು ಬಂದವು. 2019ರಲ್ಲಿ ಕೆನಡಾದ ಮಹಿಳಾ ರಗ್ಬಿ ತಂಡದ ಆಟಗಾರ್ತಿಯರ ದಣಿವು, ನಿದ್ರೆ ಮತ್ತು ಆಟದ ದಾಖಲೆಗಳು ಬಂದವು. ಯಾವ ವಿಷಯ ಎಂಬ ಗುಟ್ಟು ಸ್ಪರ್ಧೆಯ ಸಂಜೆಯವರೆಗೂ ಹೊರಬೀಳುವುದಿಲ್ಲ.

ಸ್ಪರ್ಧಿಗಳು ಪದವಿ ತರಗತಿಯವರು. ತಂಡದಲ್ಲಿ ಹೆಚ್ಚೆಂದರೆ ಐದು ಮಂದಿ. ಬೇರೆ ಬೇರೆ ಉದ್ಯಮಗಳಲ್ಲಿ ದುಡಿಯುವ ಅನುಭವಿಗಳು ಮೇಜಿನಿಂದ ಮೇಜಿಗೆ ಸುತ್ತುತ್ತಾ ಕೇಳಿದವರಿಗೆ ಸಲಹೆ ಕೊಡುತ್ತಾರೆ. ಕೆಲಸಕ್ಕೆ 'ಆರ್', 'ಪೈಥಾನ್'ನಂಥ ಉಚಿತ ತಂತ್ರಾಂಶಗಳೇ ಸಾಕು.

ಎರಡು ದಿನಗಳಲ್ಲಿ ಹೆಚ್ಚಿನ ಹೊತ್ತು ಯಾವುದಕ್ಕೆ ಹೋಗುತ್ತದೆ ಎಂದು ಬಲ್ಲಿರಾ? ಲೆಕ್ಕಕ್ಕಲ್ಲ, ಕಡತವನ್ನು ಶುಚಿ ಮಾಡುವುದಕ್ಕೆ. ಅಕ್ಕಿಯಲ್ಲಿ ಕಲ್ಲು ಆರಿಸದೆ ಅನ್ನಕ್ಕೆ ಇಡುವುದುಂಟೆ? ನಾಲ್ಕು ಜನರ ವಯಸ್ಸು 20, 22, 19, 21 ಎಂದಿರಲಿ. ಐದನೆಯವರ ವಯಸ್ಸು ತಿಳಿಯದ ಗುಮಾಸ್ತರು, ಕಚೇರಿಯ ರೂಢಿಯಂತೆ, 999 ಎಂದು ತುಂಬಿರುತ್ತಾರೆ. ಕಣ್ಣುಮುಚ್ಚಿ ಸರಾಸರಿ ತೆಗೆದರೆ 216 ವರ್ಷ! ಆ ಒಂದನ್ನು ಬಿಟ್ಟರೆ ಇಪ್ಪತ್ತೂವರೆ. ಐದು ಸಾಲಿನಲ್ಲಿ ಇದು ನಗು ತರಿಸುತ್ತದೆ. ಐದು ಲಕ್ಷ ಸಾಲಿನಲ್ಲಿ ಇಂಥವು ಸಾವಿರವಿದ್ದರೆ ಸರಾಸರಿ ಎರಡು ವರ್ಷದಷ್ಟು ಮಾತ್ರ ಏರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಕಣ್ಣಿಗೆ ಬೀಳದ ತಪ್ಪೇ ಹೆಚ್ಚು ಅಪಾಯಕಾರಿ. ಆದ್ದರಿಂದ ಯಾವ ಸೂತ್ರಕ್ಕೂ ಕೈಹಾಕುವ ಮೊದಲು ಪ್ರತಿ ಕಂಬಸಾಲಿನ ಅತಿ ಚಿಕ್ಕ ಸಂಖ್ಯೆ, ಅತಿ ದೊಡ್ಡ ಸಂಖ್ಯೆ, ಖಾಲಿ ಬಿಟ್ಟ ಜಾಗಗಳ ಎಣಿಕೆ, ಇಷ್ಟನ್ನು ಬರೆದುಕೊಳ್ಳಿ.

ಇನ್ನು ಪ್ರಶ್ನೆಯನ್ನು ಆರಿಸಿಕೊಳ್ಳುವುದು. ನನ್ನ ದೃಷ್ಟಿಯಲ್ಲಿ ಸ್ಪರ್ಧೆಯ ನಿಜವಾದ ಪರೀಕ್ಷೆ ಇದೇ. ದಸ್ತಗಿರಿಯ ದಾಖಲೆಯನ್ನೇ ತೆಗೆದುಕೊಳ್ಳೋಣ. "ಯಾವ ಬಡಾವಣೆಯಲ್ಲಿ ಅಪರಾಧ ಹೆಚ್ಚು?" ಎಂಬುದು ಯಾರಿಗಾದರೂ ಮೊದಲು ಹೊಳೆಯುವ ಪ್ರಶ್ನೆ. ಊಹೆಗೆ ಎರಡು ಬಡಾವಣೆಗಳಿರಲಿ. ಒಂದರಲ್ಲಿ 400 ದಸ್ತಗಿರಿಗಳು, ಇನ್ನೊಂದರಲ್ಲಿ 150. ಮೊದಲನೆಯದೇ ಕೆಟ್ಟದ್ದು ಎಂದುಬಿಡೋಣವೆ? ತಡೆಯಿರಿ. ಮೊದಲನೆಯದರ ಜನಸಂಖ್ಯೆ 80,000, ಎರಡನೆಯದರದು 15,000 ಎಂದಾದರೆ ಸಾವಿರ ಜನರಿಗೆ ಮೊದಲನೆಯದರಲ್ಲಿ 5, ಎರಡನೆಯದರಲ್ಲಿ 10. ತೀರ್ಪು ತಲೆಕೆಳಗಾಯಿತು. ಗಮನಿಸಿ, ಜನಸಂಖ್ಯೆ ದಸ್ತಗಿರಿಯ ಕಡತದಲ್ಲಿ ಇರಬೇಕೆಂದಿಲ್ಲ, ಜನಗಣತಿಯಿಂದ ತರಬೇಕಾಗಬಹುದು. ಹೊರಗಿನ ದತ್ತಾಂಶವನ್ನು ಚೆನ್ನಾಗಿ ಬಳಸಿದವರಿಗೆ ಡೇಟಾಫೆಸ್ಟ್‌ನಲ್ಲಿ ಪ್ರತ್ಯೇಕ ಬಹುಮಾನವನ್ನೇ ಇಟ್ಟಿರುವುದು ಸುಮ್ಮನೆ ಅಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಎರಡನೆಯ ಬಡಾವಣೆ ಅಂಗಡಿ-ಮಾರುಕಟ್ಟೆಗಳ ಜಾಗವಾಗಿದ್ದರೆ? ಅಲ್ಲಿ ವಾಸಿಸುವವರು 15,000 ಜನರಾದರೂ ಹಗಲಿನಲ್ಲಿ ಲಕ್ಷ ಜನ ಓಡಾಡುತ್ತಿರಬಹುದು. ಅದಕ್ಕಿಂತ ಮುಖ್ಯವಾದ ಮಾತು, ದಸ್ತಗಿರಿ ಬೇರೆ, ಅಪರಾಧ ಬೇರೆ. ಎಲ್ಲಿ ಪೊಲೀಸರು ಹೆಚ್ಚಾಗಿ ಗಸ್ತು ತಿರುಗುತ್ತಾರೋ ಅಲ್ಲಿ ಹೆಚ್ಚು ಜನ ಸಿಕ್ಕಿಬೀಳುತ್ತಾರೆ. ಹಾಗೆ ಸಿಕ್ಕವರ ಪಟ್ಟಿ ನೋಡಿ "ಇಲ್ಲಿ ಅಪರಾಧ ಹೆಚ್ಚು" ಎಂದು ಇನ್ನಷ್ಟು ಪೊಲೀಸರನ್ನು ಕಳುಹಿಸಿದರೆ ಮುಂದಿನ ವರ್ಷ ಪಟ್ಟಿ ಇನ್ನೂ ಬೆಳೆಯುತ್ತದೆ. ಆ ಬಡಾವಣೆಯ ಹುಡುಗನೊಬ್ಬ ಕೆಲಸ ಕೇಳಿಕೊಂಡು ಹೋದಾಗ ಅವನ ವಿಳಾಸ ನೋಡಿ ಬಾಗಿಲು ಮುಚ್ಚುವವರೂ ಇರುತ್ತಾರೆ. ಆದ್ದರಿಂದ ಪ್ರಶ್ನೆಯನ್ನು ಕಿರಿದು ಮಾಡಿ: "ಒಂದೇ ಬಡಾವಣೆಯಲ್ಲಿ ವಾರದ ಯಾವ ದಿನ, ಯಾವ ಹೊತ್ತಿನಲ್ಲಿ, ಯಾವ ಬಗೆಯ ದಸ್ತಗಿರಿಗಳು ಹೆಚ್ಚು?" ಇದಕ್ಕೆ ಕಡತ ಉತ್ತರ ಕೊಡಬಲ್ಲದು. ಹೊತ್ತು ಎಂದಾಗ ಮತ್ತೊಂದು ಎಚ್ಚರಿಕೆ. ಸರಿಯಾದ ವೇಳೆ ತಿಳಿಯದಾಗ ಮಧ್ಯಾಹ್ನ 12 ಎಂದು ಬರೆದುಬಿಡುವ ಅಭ್ಯಾಸ ಕಚೇರಿಗಳಲ್ಲಿ ಇರುವುದುಂಟು. ನಿಮ್ಮ ನಕ್ಷೆಯಲ್ಲಿ 12 ಗಂಟೆಗೆ ದೊಡ್ಡ ಶಿಖರ ಎದ್ದರೆ ಸಂತೋಷಪಡುವ ಮೊದಲು ಅದನ್ನು ಶಂಕಿಸಿ.

ಕಂಪ್ಯೂಟರ್ ಒಂದು ಕ್ಷಣದಲ್ಲಿ ನೂರು ಹೋಲಿಕೆಗಳನ್ನು ಮಾಡಿಬಿಡುತ್ತದೆ. ಇಲ್ಲಿಯೂ ಒಂದು ಮೋಸ ಅಡಗಿದೆ. ಬರೀ ಆಕಸ್ಮಿಕದಿಂದ ನೂರಕ್ಕೆ ಐದು ಸಲ ಮಾತ್ರ ಕಾಣುವಂಥ ವ್ಯತ್ಯಾಸವನ್ನು ಅರ್ಥಪೂರ್ಣ ಎಂದು ಒಪ್ಪಿಕೊಳ್ಳುವುದು ನಿಮ್ಮ ಪಠ್ಯದ ಪದ್ಧತಿ. ಒಂದಕ್ಕೊಂದು ಸಂಬಂಧವಿಲ್ಲದ 20 ಹೋಲಿಕೆಗಳನ್ನು ಮಾಡಿದಿರಿ ಎನ್ನಿ. ನಿಜವಾಗಿ ಯಾವ ವ್ಯತ್ಯಾಸವೂ ಇಲ್ಲದಿದ್ದರೂ ಕನಿಷ್ಠ ಒಂದಾದರೂ 'ಅರ್ಥಪೂರ್ಣ'ವಾಗಿ ಕಾಣುವ ಸಂಭವ ಶೇಕಡ 64! ಶನಿವಾರ ಮಧ್ಯರಾತ್ರಿ ಕಣ್ಣು ಎಳೆಯುತ್ತಿರುವಾಗ ಅಂಥದೊಂದು ಸಿಕ್ಕರೆ ಯಾರಿಗೆ ಬಿಡಲು ಮನಸ್ಸು ಬರುತ್ತದೆ? ಇದಕ್ಕೆ ಸುಲಭದ ಉಪಾಯವೊಂದಿದೆ. ಐದು ವರ್ಷಗಳ ದಾಖಲೆ ಇದ್ದರೆ ಕೊನೆಯ ವರ್ಷದ್ದನ್ನು ಶುಕ್ರವಾರವೇ ಬೇರೆ ತೆಗೆದಿಡಿ, ನೋಡಲೇಬೇಡಿ. ನಾಲ್ಕು ವರ್ಷಗಳಲ್ಲಿ ಸಿಕ್ಕಿದ್ದು ಐದನೆಯದರಲ್ಲೂ ಕಂಡರೆ ಅದರ ಮೇಲೆ ನಂಬಿಕೆ ಇಡಬಹುದು.

ಕಡತವನ್ನು ಹೊರಗೆ ಹಂಚಬಾರದು ಎಂಬ ಕಟ್ಟಳೆ ಕೆಲವರಿಗೆ ಅತಿಯಾಯಿತು ಎನಿಸಬಹುದು. ಹೆಸರುಗಳನ್ನು ಅಳಿಸಿದ ಮೇಲೆ ಭಯವೇನು? 'ನೆಟ್‌ಫ್ಲಿಕ್ಸ್' ಸಂಸ್ಥೆ 2006ರಲ್ಲಿ ಹತ್ತು ಲಕ್ಷ ಡಾಲರ್ ಬಹುಮಾನದ ಸ್ಪರ್ಧೆಗಾಗಿ ಗ್ರಾಹಕರು ಚಲನಚಿತ್ರಗಳಿಗೆ ಕೊಟ್ಟ ಅಂಕಗಳನ್ನು ಹೆಸರಿಲ್ಲದೆ ಪ್ರಕಟಿಸಿತು. ಟೆಕ್ಸಾಸ್ ವಿಶ್ವವಿದ್ಯಾನಿಲಯದ ಇಬ್ಬರು ಸಂಶೋಧಕರು ಅವನ್ನು ಚಲನಚಿತ್ರಗಳ ಇನ್ನೊಂದು ಸಾರ್ವಜನಿಕ ತಾಣದ ಅಭಿಪ್ರಾಯಗಳೊಡನೆ ಹೋಲಿಸಿ, ಕೆಲವರನ್ನು ಗುರುತಿಸಿಯೇ ಬಿಟ್ಟರು. ಖಾಸಗಿತನದ ಆಕ್ಷೇಪಗಳಿಂದಾಗಿ ಆ ಸಂಸ್ಥೆ ಮುಂದಿನ ಸ್ಪರ್ಧೆಯನ್ನು 2010ರಲ್ಲಿ ಕೈಬಿಟ್ಟಿತು. ಚಲನಚಿತ್ರದ ವಿಷಯದಲ್ಲೇ ಹೀಗಾದರೆ ದಸ್ತಗಿರಿ, ಸಾಲಗಳ ವಿಷಯದಲ್ಲಿ ಹೇಗಿರಬೇಡ?

ಭಾನುವಾರ ಪ್ರತಿ ತಂಡಕ್ಕೂ ತೀರ್ಪುಗಾರರ ಮುಂದೆ ಸಿಗುವುದು ಐದೇ ನಿಮಿಷ. ತೋರಿಸಬಹುದಾದ ಪುಟಗಳು ಸಾಮಾನ್ಯವಾಗಿ ಎರಡೇ. ಎರಡು ದಿನ ಮಾಡಿದ್ದನ್ನೆಲ್ಲ ಒಪ್ಪಿಸುವ ಚಪಲ ಬೇಡ. ಏನು ಕೇಳಿಕೊಂಡೆವು, ಏನು ಕಂಡಿತು, ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಒಂದು ಒಳ್ಳೆಯ ನಕ್ಷೆಯೊಂದಿಗೆ ಹೇಳಿದರೆ ಸಾಕು. ನಂಬಿಕೆಯ ಮಿತಿಯನ್ನು ನೀವೇ ಹೇಳದಿದ್ದರೆ ತೀರ್ಪುಗಾರರು ಕೇಳಿಯೇ ಕೇಳುತ್ತಾರೆ.

ಇದರ ಅಭ್ಯಾಸಕ್ಕೆ ಲಾಸ್ ಏಂಜಲೀಸ್‌ಗೆ ಹೋಗಬೇಕಾಗಿಲ್ಲ. ಭಾರತ ಸರ್ಕಾರದ ಮುಕ್ತ ದತ್ತಾಂಶ ತಾಣ 2012ರಿಂದ ಇದೆ. ಮಳೆಯ ವಿವರಗಳನ್ನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪ್ರಕಟಿಸುತ್ತದೆ. ಗೆಳೆಯರು ನಾಲ್ವರು ಸೇರಿ ಒಂದು ವಾರಾಂತ್ಯ ಯಾವುದಾದರೂ ಮಳೆಮಾಪಕದ ದೈನಂದಿನ ಪಟ್ಟಿಯನ್ನು ಮುಂದಿಟ್ಟುಕೊಳ್ಳಿ. ತಿಂಗಳಿನಲ್ಲಿ 120 ಮಿಲಿಮೀಟರ್ ಮಳೆ, ಆರು ದಿನ ಖಾಲಿ ಎಂದಿರಲಿ. 30 ದಿನಗಳಿಂದ ಭಾಗಿಸಿದರೆ ದಿನಕ್ಕೆ 4, ದಾಖಲೆ ಇರುವ 24 ದಿನಗಳಿಂದ ಭಾಗಿಸಿದರೆ 5. ಖಾಲಿ ಎಂದರೆ ಮಳೆ ಬರಲಿಲ್ಲವೆಂದೋ, ಮಾಪಕ ಕೆಟ್ಟಿತ್ತೆಂದೋ? ಪಕ್ಕದ ಊರಿನ ಮಾಪಕ ಆ ಆರು ದಿನಗಳಲ್ಲಿ ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡಿ.