ಗುಳೆ ಹೋಗುವ ಮನೆಯ ಆರೋಗ್ಯ



ಸುಗ್ಗಿ ಮುಗಿದೊಡನೆ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಮುಂಬಯಿ, ಪುಣೆ, ಬೆಂಗಳೂರು, ಹೈದರಾಬಾದುಗಳಿಗೆ ಗುಳೆ ಹೋದವರಲ್ಲಿ ಕೆಲವರು ಮುಂಗಾರಿಗೆ ಮರಳುವಾಗ ಕೂಲಿಯ ಜೊತೆಗೆ ಕೆಮ್ಮನ್ನೂ ತರುತ್ತಾರೆ. "ನಮ್ಮ ಹಣೆಬರಹ" ಎಂದು ಸುಮ್ಮನಾಗುವವರನ್ನು ನಾವು ಕಂಡಿದ್ದೇವೆ. ಇದು ಹಣೆಬರಹವಲ್ಲ, ಇದಕ್ಕೊಂದು ಚರಿತ್ರೆಯಿದೆ.

ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿದ್ದ ಸೈನ್ಯದ ಖರ್ಚಿಗಾಗಿ ನಿಜಾಮರು 1853ರಲ್ಲಿ ರಾಯಚೂರು ದೋಆಬ್ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಬೇಕಾಯಿತು. 1860ರಲ್ಲಿ ಅದು ಮರಳುವವರೆಗೂ ನೆಲದ ಕಂದಾಯ ಸಿಪಾಯಿಗಳ ಸಂಬಳಕ್ಕೆ ಸಂದಿತು. ಗದ್ವಾಲ್ ಸಂಸ್ಥಾನವೂ ನಿಜಾಮರಿಗೆ ಕಪ್ಪ ಕೊಡುತ್ತಿತ್ತು. ಈ ಭಾರವೆಲ್ಲ ಬಿದ್ದದ್ದು ಉಳುವವನ ಮೇಲೆ. ಅವನಿಗೆ ಉಳಿದದ್ದು ಮಳೆ ನಂಬಿದ ಹೊಲ, ಸಾಲ ಮತ್ತು ಬಿಟ್ಟಿ ಚಾಕರಿ. 1948ರಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡಿತು. 1956ರಲ್ಲಿ ಗದ್ವಾಲ್ ತಾಲ್ಲೂಕು ರಾಯಚೂರು ಜಿಲ್ಲೆಯಿಂದ ಮಹಬೂಬ್‌ನಗರಕ್ಕೆ ಸೇರಿತು. ಮೇಸ್ತ್ರಿಯ ಮುಂಗಡ ಮಾತ್ರ ಹೋಗಲಿಲ್ಲ. ಮಹಬೂಬ್‌ನಗರದ ಹಳೆಯ ಹೆಸರಿನಿಂದ 'ಪಾಲಮೂರು ಲೇಬರ್' ಎನಿಸಿಕೊಂಡ ನಮ್ಮ ಜನ, 1955ರಲ್ಲಿ ಆರಂಭವಾದ ನಾಗಾರ್ಜುನಸಾಗರಕ್ಕೂ ಮಣ್ಣು ಕಲ್ಲು ಹೊತ್ತರು. ಮಗ್ಗುಲಲ್ಲೇ ಕೃಷ್ಣೆ ಹರಿದರೂ ಅವರ ಹೊಲ ಒಣಗಿಯೇ ಇತ್ತು.

ಹಸಿವು ಒಂದು ತಲೆಮಾರಿಗೆ ಮುಗಿಯುವುದಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿದವರ ಅಧ್ಯಯನವೊಂದು 1996ರಲ್ಲಿ ಪ್ರಕಟವಾಯಿತು. ಎರಡೂವರೆ ಕಿಲೋ ಒಳಗೆ ಹುಟ್ಟಿದ್ದವರ ಪೈಕಿ 100ಕ್ಕೆ 11 ಮಂದಿಗೆ ಹೃದಯರೋಗವಿತ್ತು. ಮೂರು ಕಿಲೋ ದಾಟಿ ಹುಟ್ಟಿದ್ದವರಲ್ಲಿ 100ಕ್ಕೆ 3 ಮಂದಿಗೆ ಮಾತ್ರ. ಆದ್ದರಿಂದ ಗರ್ಭಿಣಿಯನ್ನು ಕಲ್ಲು ಹೊರಲು ಕಳಿಸಬೇಡಿ. ಮನೆಯ ಬೇಳೆ, ಸೊಪ್ಪು, ಮೊಟ್ಟೆಯಲ್ಲಿ ಮೊದಲ ಪಾಲು ಅವಳದಾಗಲಿ.

ಕೆಮ್ಮು ಎರಡು ವಾರ ದಾಟಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ, ಅದು ಉಚಿತ. ಕ್ಷಯವೆಂದಾದರೆ ಸಾಮಾನ್ಯವಾಗಿ ಆರು ತಿಂಗಳು ಮಾತ್ರೆ ನುಂಗಬೇಕು. ನಡುವೆ ಊರು ಬಿಡುವುದಾದರೆ ಆಸ್ಪತ್ರೆಗೆ ಮೊದಲೇ ತಿಳಿಸಿ. ನಿಕ್ಷಯ್ ಸಂಖ್ಯೆ ಕೈಯಲ್ಲಿದ್ದರೆ ಹೋದ ಊರಿನಲ್ಲೂ ಚಿಕಿತ್ಸೆ ಮುಂದುವರಿಯುತ್ತದೆ. ಮೈ ಹಗುರವಾಯಿತೆಂದು ಮಾತ್ರೆ ಬಿಟ್ಟರೆ ರೋಗ ಇನ್ನೂ ಬಲವಾಗಿ ಮರಳಬಹುದು.

ಕಲ್ಲು ಒಡೆಯುವವರು, ಕಟ್ಟಡ ಕೆಲಸದವರು ತಾವು ಮಾಡಿದ ಕೆಲಸವನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಕಲ್ಲಿನ ಧೂಳು ಶ್ವಾಸಕೋಶವನ್ನು ಗಟ್ಟಿಮಾಡುವ ಸಿಲಿಕೋಸಿಸ್ ರೋಗವು ಕ್ಷಯದಂತೆಯೇ ತೋರುತ್ತದೆ. ಅದನ್ನು ಪೂರ್ತಿ ಗುಣಪಡಿಸುವ ಔಷಧಿಯಿಲ್ಲ. ಅದು ಬಂದವರಿಗೆ ಕ್ಷಯವೂ ಬೇಗ ತಗಲುತ್ತದೆ. ಕಲ್ಲನ್ನು ನೀರು ಹಾಕಿ ಕೊಯ್ದರೆ ಧೂಳು ಕಡಿಮೆ. ಬರೀ ಟವೆಲ್ ಸುತ್ತಿಕೊಂಡರೆ ಸಾಲದು.

ಈ ಸಲ ಮೂಟೆ ಕಟ್ಟುವಾಗ ಜೋಳದ ಹಿಟ್ಟಿನ ಜೊತೆಗೆ ಮೂರು ಕಾಗದಗಳನ್ನೂ ಕಟ್ಟಿಕೊಳ್ಳಿ: ಔಷಧಿಯ ಚೀಟಿ, ಮಗುವಿನ ಲಸಿಕೆ ಕಾರ್ಡು, ಬೇರೆ ರಾಜ್ಯದಲ್ಲೂ ನಡೆಯುವ ರೇಷನ್ ಕಾರ್ಡು. ಮೇಸ್ತ್ರಿ ಕೇಳಿದರೂ ಅವುಗಳನ್ನು ಅವನ ಕೈಗೆ ಕೊಡಬೇಡಿ.