ಶೇಕಡ 99 ಸಾಲದು

1980ರ ಫೆಬ್ರುವರಿ 16, ಶನಿವಾರ. ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಚಂದ್ರನ ನೆರಳು ಅರಬ್ಬೀ ಸಮುದ್ರದಿಂದ ಅಂಕೋಲಾ ಕಡೆಯ ಕರಾವಳಿಗೆ ಬಂದು, ಘಟ್ಟ ಹತ್ತಿ, ಹುಬ್ಬಳ್ಳಿ, ಗದಗ, ರಾಯಚೂರು ಸೀಮೆಯನ್ನು ಹಾದು ಆಂಧ್ರದತ್ತ ಓಡಿತು. ಒಂದೇ ಊರಿಗೆ ಖಗ್ರಾಸ ಸೂರ್ಯಗ್ರಹಣ ಬರುವುದು ಸರಾಸರಿ 375 ವರ್ಷಕ್ಕೊಮ್ಮೆ. ಹತ್ತು ಹನ್ನೆರಡು ತಲೆಮಾರಿಗೊಮ್ಮೆ ಸಿಗುವ ಆ ಎರಡೂವರೆ ನಿಮಿಷ ಬಂದಾಗ ನಮ್ಮ ಬೀದಿಗಳು ಬಿಕೋ ಎನ್ನುತ್ತಿದ್ದವು. ನೀರಿನ ಕೊಡಕ್ಕೂ ಉಪ್ಪಿನಕಾಯಿ ಭರಣಿಗೂ ದರ್ಭೆ ಹಾಕಿ, ಕಿಟಕಿ ಬಾಗಿಲು ಮುಚ್ಚಿ, ಮಕ್ಕಳನ್ನು ಒಳಗೆ ಕೂಡಿಹಾಕಿ ಜನ ಕುಳಿತಿದ್ದರು. ಯಾರೂ ಹೊರಗೆ ಬರದಿರಲೆಂದು ದೂರದರ್ಶನ ಸಿನಿಮಾ ಹಾಕಿತ್ತು.

ಅದೇ ಹೊತ್ತಿಗೆ ಹುಬ್ಬಳ್ಳಿ ಬಳಿಯ ಹೊಸೂರಿನಲ್ಲೂ ರಾಯಚೂರು ಜಿಲ್ಲೆಯ ಜವಳಗೇರಾದಲ್ಲೂ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಬಯಲಿನಲ್ಲಿ ದೂರದರ್ಶಕ ಹೂಡಿ ನಿಂತಿದ್ದರು. ಅವರು ಕಾದಿದ್ದು ಸೂರ್ಯ ಮರೆಯಾದ ಮೇಲೆ ಕಾಣುವುದಕ್ಕಾಗಿ.

ಖಂಡಗ್ರಾಸ ನೋಡಿದವರು ಖಗ್ರಾಸವೂ ಹೆಚ್ಚುಕಡಿಮೆ ಹಾಗೇ ಇರಬೇಕೆಂದುಕೊಳ್ಳುತ್ತಾರೆ. ಲೆಕ್ಕ ಬೇರೆಯೇ ಹೇಳುತ್ತದೆ. ಸೂರ್ಯನ ಬೆಳಕು ಹುಣ್ಣಿಮೆ ಚಂದ್ರನ ಸುಮಾರು 4 ಲಕ್ಷ ಪಟ್ಟು. ಸೂರ್ಯಬಿಂಬದ ಶೇಕಡ 99 ಭಾಗ ಮುಚ್ಚಿದರೂ ಉಳಿದ ಒಂದು ಪಾಲು 4 ಸಾವಿರ ಹುಣ್ಣಿಮೆಗಳಷ್ಟು ಬೆಳಗುತ್ತದೆ. ಬಿಸಿಲು ಮಂಕಾಗುತ್ತದೆ, ಅಷ್ಟೇ; ಆಗಲೂ ಅದು ಹಗಲೇ. ಸೂರ್ಯನನ್ನು ಸುತ್ತುವರಿದ ಹೊರವಲಯ ಕರೋನಾದ ಬೆಳಕು ಹೆಚ್ಚುಕಡಿಮೆ ಒಂದು ಹುಣ್ಣಿಮೆಯಷ್ಟು ಮಾತ್ರ. ಹೀಗಾಗಿ ಕೊನೆಯ ಆ ಒಂದು ಪಾಲೂ ಮುಚ್ಚುವವರೆಗೆ ಅದು ಕಣ್ಣಿಗೆ ಬೀಳುವುದಿಲ್ಲ.

ಮುಚ್ಚಿದ ಕ್ಷಣದಲ್ಲಿ ಆಗುವುದೇ ಬೇರೆ. ಚಂದ್ರನ ಅಂಚಿನ ಕಣಿವೆಗಳ ಸಂದಿಯಿಂದ ನುಸುಳುವ ಬಿಸಿಲು ಮಣಿಗಳ ಸರದಂತೆ ಒಡೆಯುತ್ತದೆ. ಅವುಗಳಲ್ಲಿ ಒಂದೇ ಉಳಿದಾಗ ವಜ್ರದುಂಗುರ. ಅದೂ ಆರಿದರೆ ಆಕಾಶದಲ್ಲಿ ಕಡುಗಪ್ಪು ವೃತ್ತ, ಸುತ್ತ ಬೆಳ್ಳಿಬಣ್ಣದ ಎಳೆಗಳು, ಅಂಚಿನಲ್ಲಿ ನಸುಗೆಂಪು ಜ್ವಾಲೆಗಳು. ಶುಕ್ರ ಕಾಣುತ್ತಾನೆ. ತಾಪ ಇಳಿಯುತ್ತದೆ, ಹಕ್ಕಿಗಳು ಗೂಡಿನತ್ತ ತಿರುಗುತ್ತವೆ, ದಿಗಂತದ ಸುತ್ತಲೂ ಮುಸ್ಸಂಜೆಯ ಬಣ್ಣ ಹರಡುತ್ತದೆ. ಮುಂಚಿತವಾಗಿ ಎಲ್ಲ ಓದಿಕೊಂಡು ಹೋದವರ ಮೈಯೂ ನಡುಗುತ್ತದೆ. ಗ್ರಹಣಕ್ಕೆ ಹೆದರಿದ ಹಿರಿಯರನ್ನು ನಾನು ಹಗುರವಾಗಿ ಕಾಣಲಾರೆ. ಆ ಭಯಕ್ಕೆ ಕಾರಣವಿತ್ತು. ಗ್ರಹಣದ ದಿನ ಆರಿಸಿ ಭೂದಾನ ಕೊಟ್ಟು ಶಾಸನ ಬರೆಸಿದ ನಮ್ಮ ಅರಸರಿಗೂ ಅದು ಸಾಮಾನ್ಯ ದಿನವಾಗಿರಲಿಲ್ಲ.

ಈ ಕೆಲವೇ ನಿಮಿಷಗಳಲ್ಲಿ ಮನುಷ್ಯ ಕಲಿತದ್ದು ಕಡಿಮೆಯೇನಲ್ಲ. 1868ರ ಆಗಸ್ಟ್ 18ರ ಗ್ರಹಣವನ್ನು ಫ್ರಾನ್ಸಿನ ಖಗೋಳವಿಜ್ಞಾನಿ ಜಾನ್ಸೆನ್ ಗುಂಟೂರಿನಲ್ಲಿ ನೋಡಿದರು. ನಮ್ಮ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ನೋಡಿದರು. ಆ ಕೆಂಪು ಜ್ವಾಲೆಗಳ ಬೆಳಕನ್ನು, ಬಣ್ಣಗಳನ್ನು ಬಿಡಿಸಿ ತೋರುವ ರೋಹಿತದರ್ಶಕದಲ್ಲಿ ಹಾಯಿಸಿದಾಗ ಬಿಡಿಬಿಡಿ ಹೊಳೆವ ಗೆರೆಗಳು ಕಂಡವು. ಜ್ವಾಲೆಗಳು ಕಾದ ಅನಿಲ ಎಂಬುದು ಅಲ್ಲಿಗೆ ಖಚಿತವಾಯಿತು. ಆ ಗೆರೆಗಳ ಪೈಕಿ ಹಳದಿಯದೊಂದು ಭೂಮಿಯಲ್ಲಿ ಗೊತ್ತಿದ್ದ ಯಾವ ಧಾತುವಿಗೂ ಹೊಂದಲಿಲ್ಲ. ಹೀಲಿಯಂ ಪತ್ತೆಯಾದದ್ದು ಹೀಗೆ; ಭೂಮಿಯ ಮೇಲೆ ಅದು ಕೈಗೆ ಸಿಕ್ಕಿದ್ದು 1895ರಲ್ಲಿ. 1871ರ ಡಿಸೆಂಬರ್‌ನಲ್ಲಿ ಮತ್ತೊಂದು ಗ್ರಹಣ ದಕ್ಷಿಣಕ್ಕೆ ಬಂದಾಗ ಇಂಗ್ಲೆಂಡಿನ ಖಗೋಳವಿಜ್ಞಾನಿ ಲಾಕಿಯರ್ ಕಾಸರಗೋಡಿನ ಬೇಕಲ ಕೋಟೆಯಲ್ಲಿ ಬೀಡುಬಿಟ್ಟಿದ್ದರು.

ಕರೋನಾದ ಒಗಟನ್ನು ಇನ್ನೂ ಪೂರ್ತಿ ಬಿಡಿಸಲಾಗಿಲ್ಲ. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಅದರಿಂದ ಮೇಲೆ ಹೋದಂತೆ ತಾಪ ಇಳಿಯುವ ಬದಲು ಹತ್ತು ಲಕ್ಷ ಡಿಗ್ರಿಗೂ ಮಿಗಿಲಾಗಿ ಏರುತ್ತದೆ. ಕಾಂತಕ್ಷೇತ್ರಗಳು ಶಕ್ತಿ ಸಾಗಿಸುತ್ತವೆ ಎಂಬುದು ಸ್ಪಷ್ಟ, ಸಾಗಿಸುವ ಬಗೆಯ ಕುರಿತು ವಾದ ನಡೆದೇ ಇದೆ. ಗ್ರಹಣಕ್ಕೆ ಕಾಯದೆ ಕರೋನಾ ನೋಡಬೇಕೆಂದೇ 2023ರ ಸೆಪ್ಟೆಂಬರ್ 2ರಂದು ಹಾರಿದ ಭಾರತದ ಆದಿತ್ಯ-ಎಲ್1 ನೌಕೆಯಲ್ಲಿ ಸೂರ್ಯಬಿಂಬವನ್ನು ಮರೆಮಾಡುವ ಉಪಕರಣವಿದೆ. ಅದನ್ನು ರೂಪಿಸಿದ್ದು ಜವಳಗೇರಾದಲ್ಲಿ ಬೀಡುಬಿಟ್ಟಿದ್ದ ಅದೇ ಸಂಸ್ಥೆ, ಬೆಂಗಳೂರು ಹೊರವಲಯದ ಹೊಸಕೋಟೆಯಲ್ಲಿ.

ಇಷ್ಟೆಲ್ಲ ಒಂದು ಕಾಕತಾಳೀಯದ ಫಲ. ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ದೊಡ್ಡವನು, ಹೆಚ್ಚುಕಡಿಮೆ ಅಷ್ಟೇ ಪಟ್ಟು ದೂರದಲ್ಲಿದ್ದಾನೆ. ಆದ್ದರಿಂದ ಎರಡು ಬಿಂಬಗಳೂ ನಮಗೆ ಒಂದೇ ಗಾತ್ರದವು. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್‌ನಂತೆ ದೂರ ಸರಿಯುತ್ತಿದ್ದಾನೆ. ಸುಮಾರು 60 ಕೋಟಿ ವರ್ಷಗಳ ನಂತರ ಭೂಮಿಗೆ ಖಗ್ರಾಸವೆಂಬುದೇ ಇರುವುದಿಲ್ಲ, ಕಂಕಣಗ್ರಹಣವಷ್ಟೇ.

2027ರ ಆಗಸ್ಟ್ 2ರಂದು ನೆರಳು ಈಜಿಪ್ಟಿನ ಲಕ್ಸರ್ ಮೇಲೆ ಆರು ನಿಮಿಷಕ್ಕೂ ಮಿಕ್ಕಿ ನಿಲ್ಲುತ್ತದೆ. ಭಟ್ಕಳ, ಮಂಗಳೂರು ಕಡೆಯ ಎಷ್ಟೋ ಜನ ದುಡಿಯುತ್ತಿರುವ ಜೆದ್ದಾ ಕೂಡ ಆ ಹಾದಿಯಲ್ಲಿದೆ. 2034ರ ಮಾರ್ಚ್ 20ರಂದು ಭಾರತದ ಉತ್ತರ ತುದಿಯಲ್ಲೇ ಖಗ್ರಾಸ. ಬಿಂಬ ಪೂರ್ತಿ ಮುಚ್ಚುವವರೆಗೆ ಮತ್ತು ಮೊದಲ ಕಿರಣ ಮರಳಿದ ಕ್ಷಣದಿಂದ ಗ್ರಹಣದ ಕನ್ನಡಕ ಬಿಟ್ಟು ನೋಡಲೇಬಾರದು. ನಡುವಿನ ಆ ಕೆಲವು ನಿಮಿಷ ಬರಿಗಣ್ಣಿನಿಂದ ನೋಡಬಹುದು, ನೋಡಬೇಕು. ಹಾದಿಯಿಂದ ಹತ್ತಿಪ್ಪತ್ತು ಕಿಲೋಮೀಟರ್ ಆಚೆ ಇದ್ದರೆ ಅಲ್ಲೇ ನಿಂತು ತೃಪ್ತಿಪಡಬೇಡಿ. ಮಕ್ಕಳನ್ನು ಕರೆದುಕೊಂಡು ನೆರಳಿನೊಳಕ್ಕೆ ಹೋಗಿ.