ಆಗದ ಕುಸ್ತಿಯನ್ನು ಆಡಿಸುವ ಯಂತ್ರ

ಚಾರ್ಲಿ ಬರ್ಲಿ ಎಂಬ ಕಪ್ಪುವರ್ಣದ ಬಾಕ್ಸರ್ ಅಮೆರಿಕದಲ್ಲಿ 1936ರಿಂದ 1950ರವರೆಗೆ ಕಾದಾಡಿದ. 1944ರಲ್ಲಿ ಆರ್ಚಿ ಮೂರ್‌ನನ್ನು ಹತ್ತು ಸುತ್ತಿನ ಪಂದ್ಯದಲ್ಲಿ ಸೋಲಿಸಿದ. ಸೋತ ಮೂರ್ 1952ರಲ್ಲಿ ವಿಶ್ವ ಚಾಂಪಿಯನ್ ಆದ. ಗೆದ್ದ ಬರ್ಲಿಗೆ ವಿಶ್ವ ಪಟ್ಟಕ್ಕಾಗಿ ಆಡುವ ಅವಕಾಶ ಒಮ್ಮೆಯೂ ಸಿಗಲಿಲ್ಲ. ಇತಿಹಾಸ ಅವನಿಗೆ ಕೊಡದ ಆ ಪಂದ್ಯವನ್ನು ಇಂದು ಕಂಪ್ಯೂಟರ್ ಕೊಡುತ್ತಿದೆ. ಹಳೆಯ ಬಾಕ್ಸರ್‌ಗಳನ್ನೆಲ್ಲ ಒಂದು ತೂಕದ ವಿಭಾಗದಲ್ಲಿ ಕೂಡಿಸಿ, ವರ್ಷದಿಂದ ವರ್ಷಕ್ಕೆ ಪಂದ್ಯ ಆಡಿಸಿ, ಯಾರು ಮೇಲೇರುತ್ತಾರೆ, ಯಾರು ಇಳಿಯುತ್ತಾರೆ ಎಂದು ನೋಡುವ ತಂತ್ರಾಂಶಗಳಿವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕುಸ್ತಿಪ್ರಿಯರಿಗೆ ಈ ಯಂತ್ರದ ಒಳಗುಟ್ಟು ತಿಳಿದಿರಬೇಕು. ಅದಕ್ಕೊಂದು ಕಾರಣವಿದೆ, ಮುಂದೆ ಹೇಳುತ್ತೇನೆ.

ಯಂತ್ರಕ್ಕೆ ಮೊದಲು ಬೇಕಾದದ್ದು ಪ್ರತಿಯೊಬ್ಬನ ಶಕ್ತಿಗೆ ಒಂದು ಅಂಕ. ಹಂಗೇರಿ ಮೂಲದ ಭೌತಶಾಸ್ತ್ರ ಪ್ರಾಧ್ಯಾಪಕ ಅರ್ಪಾಡ್ ಈಲೊ ಚದುರಂಗಕ್ಕಾಗಿ ರೂಪಿಸಿದ ಲೆಕ್ಕ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಇಂಡಿಯ ಪೈಲ್ವಾನನ ಅಂಕ 1600, ಸಿಂದಗಿಯವನದು 1400 ಎಂದುಕೊಳ್ಳಿ. 200 ಅಂಕದ ಅಂತರವಿದ್ದರೆ ಬಲಿಷ್ಠ ಗೆಲ್ಲುವ ಸಾಧ್ಯತೆ ಶೇಕಡಾ 76. ಒಂದು ಪಂದ್ಯಕ್ಕೆ ಹೆಚ್ಚೆಂದರೆ 32 ಅಂಕ ಕೈಬದಲಾಗಲಿ ಎಂದು ನಿಯಮವಿಟ್ಟರೆ, ಇಂಡಿಯವನು ಗೆದ್ದಾಗ ಅವನಿಗೆ ಸಿಗುವುದು ಬರೀ 8 ಅಂಕ. ಸಿಂದಗಿಯವನು ಗೆದ್ದುಬಿಟ್ಟರೆ ಒಂದೇ ಏಟಿಗೆ 24 ಅಂಕ ಏರುತ್ತಾನೆ. ನಿರೀಕ್ಷಿಸಿದ ಗೆಲುವಿಗೆ ಬೆಲೆ ಕಡಿಮೆ, ನಿರೀಕ್ಷಿಸದ ಗೆಲುವಿಗೆ ಹೆಚ್ಚು. ಕುಸ್ತಿ ಸಮ ಆದರೆ ಇಬ್ಬರಿಗೂ ಅರ್ಧರ್ಧ ಗೆಲುವು.

ಈ ಲೆಕ್ಕದ ನಿಜವಾದ ಬಲ ಕೊಂಡಿಗಳಲ್ಲಿದೆ. ಇಂಡಿಯವನು ಸಿಂದಗಿಯವನೊಡನೆ ಆಡಿದ, ಸಿಂದಗಿಯವನು ಮುದ್ದೇಬಿಹಾಳದವನೊಡನೆ, ಅವನು ಬಾಗೇವಾಡಿಯವನೊಡನೆ. ಇಂಡಿ ಮತ್ತು ಬಾಗೇವಾಡಿಯ ಪೈಲ್ವಾನರು ಒಬ್ಬರ ಮುಖ ಒಬ್ಬರು ನೋಡಿರದಿದ್ದರೂ ಅವರಿಬ್ಬರ ಅಂಕಗಳನ್ನು ಹೋಲಿಸಬಹುದು. ಕಾಲದ ಗಡಿಯನ್ನೂ ಹೀಗೆಯೇ ದಾಟಬಹುದು. ಅಜ್ಜನ ಕಾಲದ ಪೈಲ್ವಾನ ತನ್ನ ಕೊನೆಯ ವರ್ಷಗಳಲ್ಲಿ ಅಪ್ಪನ ಕಾಲದವನ ಕೈ ಹಿಡಿದಿರುತ್ತಾನೆ, ಅಪ್ಪನ ಕಾಲದವನು ಮಗನ ಕಾಲದವನ ಕೈಯನ್ನು. ಆದರೆ ಹಿರಿಯ ಸೋತದ್ದು ಮುಪ್ಪಿನಲ್ಲಿ ಎಂಬುದನ್ನು ಲೆಕ್ಕ ಮರೆಯಬಾರದು. ಅದಕ್ಕೇ ಒಳ್ಳೆಯ ತಂತ್ರಾಂಶಗಳು ವಯಸ್ಸಿನ ಏರಿಳಿತವನ್ನೂ ಸೇರಿಸಿಕೊಳ್ಳುತ್ತವೆ.

ಇನ್ನು ಪಂದ್ಯ. ಯಂತ್ರ ಮೂರು ನಿಮಿಷದ ಸುತ್ತನ್ನು ಸಣ್ಣ ಸಣ್ಣ ಕ್ಷಣಗಳಾಗಿ ಒಡೆಯುತ್ತದೆ. ಪ್ರತಿ ಕ್ಷಣಕ್ಕೂ ಒಂದು ಯಾದೃಚ್ಛಿಕ ಸಂಖ್ಯೆ ಎತ್ತುತ್ತದೆ. ಯಾರು ಮುಂದೆ ನುಗ್ಗಿದ, ಏಟು ತಾಗಿತೋ ತಪ್ಪಿತೋ, ದಮ್ಮು ಎಷ್ಟು ಇಳಿಯಿತು ಎಂಬುದೆಲ್ಲ ಆ ಸಂಖ್ಯೆ ಮತ್ತು ಇಬ್ಬರ ಅಂಕಗಳಿಂದ ತೀರ್ಮಾನವಾಗುತ್ತದೆ. ಹಾಗಾಗಿ ಒಂದೇ ಜೋಡಿಯನ್ನು ಎರಡು ಸಲ ಆಡಿಸಿದರೆ ಎರಡು ಫಲಿತಾಂಶ ಬರಬಹುದು. ಹತ್ತು ಸಾವಿರ ಸಲ ಆಡಿಸಿದಾಗ ಮಾತ್ರ ಯಾರ ಕೈ ಮೇಲು ಎಂಬುದು ಸ್ಪಷ್ಟವಾಗುತ್ತದೆ.

ಈ ಮಾತು ಮರೆತರೆ ಏನಾಗುತ್ತದೆ ಎಂಬುದಕ್ಕೆ 1967ರ ಪ್ರಸಂಗ ಸಾಕ್ಷಿ. ಮಯಾಮಿಯ ರೇಡಿಯೊ ನಿರ್ಮಾಪಕ ಮರ್ರಿ ವೊರೋನರ್ ಎನ್‌ಸಿಆರ್ 315 ಎಂಬ ಕಂಪ್ಯೂಟರಿನಲ್ಲಿ ಸಾರ್ವಕಾಲಿಕ ಹೆವಿವೇಟ್ ಬಾಕ್ಸರ್‌ಗಳ ಟೂರ್ನಿ ನಡೆಸಿದ. ರಾಕಿ ಮಾರ್ಸಿಯಾನೊ ಗೆದ್ದ. ಜಿಮ್ ಜೆಫ್ರೀಸ್ ಎದುರು ಸೋತೆ ಎಂದು ಕೇಳಿದ ಮುಹಮ್ಮದ್ ಅಲಿ ಹತ್ತು ಲಕ್ಷ ಡಾಲರ್ ಪರಿಹಾರ ಕೇಳಿ ಮೊಕದ್ದಮೆ ಹೂಡಿದ. ಕೊನೆಗೆ ರಾಜಿಯಾಗಿ 1969ರಲ್ಲಿ ಅಲಿ ಮತ್ತು ಮಾರ್ಸಿಯಾನೊ ಕ್ಯಾಮೆರಾ ಮುಂದೆ ಪಂದ್ಯವನ್ನು ಅಭಿನಯಿಸಿದರು. ಒಂದಕ್ಕಿಂತ ಹೆಚ್ಚು ಮುಕ್ತಾಯಗಳನ್ನು ಚಿತ್ರಿಸಲಾಯಿತು. ಅದೇ ವರ್ಷದ ಆಗಸ್ಟ್ 31ರಂದು ಮಾರ್ಸಿಯಾನೊ ವಿಮಾನ ಅಪಘಾತದಲ್ಲಿ ತೀರಿಕೊಂಡ. 1970ರ ಜನವರಿಯಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ತೆರೆಯ ಮೇಲೆ ಗೆದ್ದವನು ಅವನೇ. ನೂರು ಸಾಧ್ಯತೆಗಳಲ್ಲಿ ಒಂದನ್ನು ಹೆಕ್ಕಿ ತೋರಿಸಿ ಇದೇ ಸತ್ಯ ಎಂದದ್ದು ಯಂತ್ರದ ತಪ್ಪಲ್ಲ, ಅದನ್ನು ಆಡಿಸಿದವರದು.

ಆ ಜೋಡಿಯಲ್ಲಿ ಇನ್ನೊಂದು ತೊಡಕಿತ್ತು, ತೂಕದ್ದು. ಮಾರ್ಸಿಯಾನೊ ಪಟ್ಟ ಗೆದ್ದಾಗ ಸುಮಾರು 84 ಕಿಲೊ ಇದ್ದ. ಇಂದಾಗಿದ್ದರೆ ಅವನು 90.7 ಕಿಲೊ ಮಿತಿಯ ಕ್ರೂಸರ್‌ವೇಟ್ ವಿಭಾಗಕ್ಕೆ ಸೇರುತ್ತಿದ್ದ. ಸ್ನಾಯುವಿನ ಬಲ ಅದರ ಅಡ್ಡಸೀಳಿನ ವಿಸ್ತಾರಕ್ಕೆ ತಕ್ಕಂತೆ ಬೆಳೆಯುತ್ತದೆ, ತೂಕ ಇಡೀ ಗಾತ್ರಕ್ಕೆ ತಕ್ಕಂತೆ. ಒಂದೇ ಮೈಕಟ್ಟಿನ ಇಬ್ಬರಲ್ಲಿ ಒಬ್ಬ 50 ಕಿಲೊ, ಇನ್ನೊಬ್ಬ 100 ಕಿಲೊ ಇದ್ದರೆ ದೊಡ್ಡವನ ಬಲ ಎರಡು ಪಟ್ಟಾಗುವುದಿಲ್ಲ, ಸುಮಾರು 1.6 ಪಟ್ಟಾಗುತ್ತದೆ. ಕಿಲೊ ಲೆಕ್ಕದಲ್ಲಿ ಸಣ್ಣವನೇ ಗಟ್ಟಿಗ. ಆದರೂ ಅವನು ತನ್ನ ಎರಡರಷ್ಟು ಭಾರವನ್ನು ನೆಲದಿಂದ ಎತ್ತಿ ಚಿತ್ ಮಾಡಬೇಕಲ್ಲ! ತೂಕದ ವಿಭಾಗಗಳು ಹುಟ್ಟಿದ್ದೇ ಇದಕ್ಕೆ.

ನಮ್ಮ ಜಾತ್ರೆಯ ಜಂಗಿ ಕುಸ್ತಿಯಲ್ಲಿ ತಕ್ಕಡಿ ಇರುವುದಿಲ್ಲ, ಪಂಚರ ಕಣ್ಣೇ ತಕ್ಕಡಿ. ಇಬ್ಬರನ್ನು ಅಖಾಡದಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲಿಸುತ್ತಾರೆ. ಕುತ್ತಿಗೆ, ಎದೆ, ತೊಡೆ ನೋಡಿ, ವಸ್ತಾದರು ತಲೆಯಾಡಿಸಿದರೆ ಜೋಡಿ ಹತ್ತಿತು. ಪೈಲ್ವಾನರು ಮಣ್ಣು ಮುಟ್ಟಿ ಹಣೆಗೊತ್ತಿಕೊಂಡು, ಎದುರಾಳಿಯ ಬೆನ್ನಿಗೂ ಒಂದು ಹಿಡಿ ತೂರುತ್ತಾರೆ. ಹಲಗಿ ಸದ್ದು ಏರುತ್ತದೆ. ಅನುಭವಿ ಪಂಚರು ಹಚ್ಚಿದ ಜೋಡಿ ಬಹುಪಾಲು ಸರಿಯಾಗಿಯೇ ಇರುತ್ತದೆ, ಅವರ ಕಣ್ಣಿನ ಬಗ್ಗೆ ನನಗೆ ತುಂಬು ಗೌರವವಿದೆ. ಆದರೆ ಕುಸ್ತಿ ಮುಗಿದು, ಇನಾಮು ಕೈಗೆ ಬಂದು, ಗೆದ್ದವನನ್ನು ಹೆಗಲ ಮೇಲೆ ಹೊತ್ತು ತಿರುಗಿಸಿದ ಮೇಲೆ ಎಷ್ಟೋ ಕಡೆ ಉಳಿಯುವುದು ಬಾಯಿಮಾತು ಮಾತ್ರ. ಯಾರು ಯಾರನ್ನು ಕೆಡವಿದರು, ಎಷ್ಟು ನಿಮಿಷದಲ್ಲಿ, ಯಾವ ಪಟ್ಟು ಹಾಕಿ ಎಂಬುದು ನೋಡಿದವರೊಂದಿಗೇ ಹೋಗುತ್ತದೆ.

ಬರ್ಲಿಗೆ ಕಂಪ್ಯೂಟರಿನಲ್ಲಾದರೂ ನ್ಯಾಯ ಸಿಕ್ಕಿದ್ದು ಅವನ ಪಂದ್ಯಗಳನ್ನು ಪತ್ರಿಕೆಯವರು ಬರೆದಿಟ್ಟಿದ್ದರಿಂದ. ತಾರೀಖು, ತೂಕ, ಸುತ್ತು, ಫಲಿತಾಂಶ ಎಲ್ಲ ಅಲ್ಲಿವೆ. ಭೀಮೆ, ಡೋಣಿ, ಕೃಷ್ಣೆಯ ದಂಡೆಯ ಗರಡಿಗಳಲ್ಲಿ ಬೆವರು ಹರಿಸಿದವರು ಅವನಿಗಿಂತ ಕಡಿಮೆ ಶ್ರಮ ಪಟ್ಟವರಲ್ಲ. ಅವರ ಸರಪಳಿಯಲ್ಲಿ ಕೊಂಡಿಗಳೇ ಉಳಿದಿಲ್ಲ ಎಂಬುದು ನನ್ನನ್ನು ಕಾಡುವ ಸಂಗತಿ.

ಜಾತ್ರಾ ಕಮಿಟಿಯ ಹಿರಿಯರೇ, ಮುಂದಿನ ಕುಸ್ತಿಗೆ ಒಂದು ದಪ್ಪ ನೋಟ್‌ಬುಕ್ ತನ್ನಿ. ತೊಗರಿ ಚೀಲ ತೂಗುವ ಎಲೆಕ್ಟ್ರಾನಿಕ್ ಕಾಟಾವನ್ನು ಅಡತಿ ಅಂಗಡಿಯಿಂದ ಒಂದು ದಿನದ ಮಟ್ಟಿಗೆ ಅಖಾಡದ ಬದಿಗೆ ತರಿಸಿ. ಪೈಲ್ವಾನನ ಹೆಸರು, ಊರು, ಗರಡಿ, ವಯಸ್ಸು, ತೂಕ, ಎದುರಾಳಿ, ಫಲಿತಾಂಶ, ಹಿಡಿದ ನಿಮಿಷ ಇಷ್ಟನ್ನು ಶಾಲೆಯ ಹುಡುಗನೊಬ್ಬ ಕೂತು ಬರೆಯಬಲ್ಲ. ತೆಂಗಿನಕಾಯಿಗಾಗಿ ಆಡುವ ಚಿಕ್ಕವರ ಕುಸ್ತಿಯನ್ನೂ ಬಿಡದೆ ಬರೆಸಿ, ಏಕೆಂದರೆ ಸರಪಳಿ ಶುರುವಾಗುವುದೇ ಅಲ್ಲಿಂದ. ಹಳೆಯ ಪೈಲ್ವಾನರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ನೆನಪಿನಲ್ಲಿರುವ ಕುಸ್ತಿಗಳನ್ನು ಅವರು ಇರುವಾಗಲೇ ಕೇಳಿ ಬರೆದುಕೊಳ್ಳಿ.